ಗರಗಸಮಂಡಲದ ವಿಷದಲ್ಲಿ ಒಂದು ಬೀಗದ ಕೈ

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂತಹ ಊರುಗಳಲ್ಲಿ ಹೊಲದ ಕೆಲಸವನ್ನೇ ನಂಬಿದವರಿಗೆ ಹಾವಿನ ಭಯ ತಪ್ಪಿದ್ದಲ್ಲ. ನಮ್ಮ ದೇಶದಲ್ಲಿ ಹೆಚ್ಚು ಪ್ರಾಣಹಾನಿಗೆ ಕಾರಣವಾದ ವಿಷದ ಹಾವುಗಳೆಂದು ನಾಲ್ಕನ್ನು ಹೆಸರಿಸುವುದುಂಟು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಇವುಗಳಲ್ಲಿ ಕಡೆಯದು ಬಯಲುಸೀಮೆಯ ಕಲ್ಲುನೆಲದಲ್ಲಿಯೂ ಕುರುಚಲು ಪೊದೆಗಳಲ್ಲಿಯೂ ವಾಸಿಸುವ ಚಿಕ್ಕ ಹಾವು. ಕೆರಳಿದಾಗ ಮೈಯ ಒರಟು ಹುರುಪೆಗಳನ್ನು ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುವುದರಿಂದ ಅದಕ್ಕೆ ಈ ಹೆಸರು. ಅದು ಕಚ್ಚಿದಾಗ ಅನೇಕರಲ್ಲಿ ರಕ್ತವು ಹೆಪ್ಪುಗಟ್ಟುವ ಗುಣವನ್ನು ಕಳೆದುಕೊಳ್ಳುತ್ತದೆ. ಗಾಯದಿಂದಲೂ ಒಸಡಿನಿಂದಲೂ ನೆತ್ತರು ಒಸರುತ್ತದೆ. ಇದರ ಕಾರಣಗಳಲ್ಲಿ ಒಂದನ್ನು ಇಲ್ಲಿ ವಿಚಾರಿಸೋಣ.

ಮೊದಲು ರಕ್ತ ನಿಲ್ಲುವ ಬಗೆಯನ್ನು ತಿಳಿಯಬೇಕು. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1.5ರಿಂದ 4.5 ಲಕ್ಷದಷ್ಟು ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳಿರುತ್ತವೆ. ರಕ್ತನಾಳ ಹರಿದೊಡನೆ ಅವುಗಳಿಗೆ ಸಂಕೇತ ಮುಟ್ಟುತ್ತದೆ. ಆಗ ಅವುಗಳ ಮೇಲ್ಮೈಯಲ್ಲಿರುವ ಇಂಟೆಗ್ರಿನ್ ಎಂಬ ಗ್ರಾಹಕಗಳು ತಮ್ಮ ಆಕಾರವನ್ನು ಬದಲಿಸಿ, ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಉದ್ದನೆಯ ಸಸಾರಜನಕವನ್ನು ಹಿಡಿದುಕೊಳ್ಳುತ್ತವೆ. ಒಂದು ತುದಿ ಒಂದು ಬಿಲ್ಲೆಗೆ, ಮತ್ತೊಂದು ತುದಿ ಇನ್ನೊಂದು ಬಿಲ್ಲೆಗೆ ಅಂಟಿ, ಹಗ್ಗದಿಂದ ಬಿಗಿದಂತೆ ಬಿಲ್ಲೆಗಳೆಲ್ಲ ಒಟ್ಟುಗೂಡುತ್ತವೆ. ಹೀಗೆ ಹಿಡಿದುಕೊಂಡ ಸುದ್ದಿ ಬಿಲ್ಲೆಯ ಒಳಕ್ಕೂ ಹೋಗಿ, ಅದು ಚಪ್ಪಟೆಯಾಗಿ ಹರಡಿ ಗಾಯದ ಬಾಯನ್ನು ಭದ್ರಪಡಿಸುತ್ತದೆ.

ಗ್ರಾಹಕವನ್ನು ಬೀಗವೆಂದುಕೊಂಡರೆ, ಅದರೊಳಗೆ ಕೂರುವ ಆದರೆ ಅದನ್ನು ತೆರೆಯದ ಕೈಯೊಂದನ್ನು ಗರಗಸಮಂಡಲವು ಇಟ್ಟುಕೊಂಡಿದೆ. ಅದೇ ಎಕಿಸ್ಟಾಟಿನ್. ಅಮಿನೋ ಆಮ್ಲಗಳು ಸರಪಣಿಯಾಗಿ ಸೇರಿದರೆ ಪೆಪ್ಟೈಡ್ ಆಗುವುದಷ್ಟೆ. 1988ರಲ್ಲಿ ವರ್ಣಿಸಲಾದ ಈ ಪೆಪ್ಟೈಡಿನಲ್ಲಿ 49 ಕೊಂಡಿಗಳಿವೆ. ಅವುಗಳಲ್ಲಿ ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಸಾಲಾಗಿ ಬಂದಿರುವ ಕಡೆಯೇ ಕೈಯ ಹಲ್ಲು. ಅದು ಗ್ರಾಹಕದಲ್ಲಿ ಕುಳಿತುಬಿಟ್ಟರೆ ಫೈಬ್ರಿನೋಜೆನ್‌ಗೆ ಎಡೆಯಿಲ್ಲ, ಬಿಲ್ಲೆಗಳು ಕೂಡಲಾರವು. ವಿಷದ ಅಪಾಯವೆಲ್ಲ ಇದೊಂದರಿಂದಲೇ ಬರುವುದಲ್ಲ. ಹೆಪ್ಪುಗಟ್ಟಿಸುವ ಕ್ರಿಯೆಯನ್ನು ವೃಥಾ ಕೆರಳಿಸಿ, ರಕ್ತದಲ್ಲಿರುವ ಫೈಬ್ರಿನೋಜೆನ್ನನ್ನೇ ಬರಿದುಮಾಡುವ ಕಿಣ್ವಗಳೂ ಅದರಲ್ಲಿವೆ.

ಇನ್ನು ಹೃದಯದ ಕಡೆಗೆ ತಿರುಗೋಣ. ಹೃದಯದ ರಕ್ತನಾಳದೊಳಗೆ ಇವೇ ಬಿಲ್ಲೆಗಳು ಬೇಡದ ಕಡೆ ಗುಂಪುಗೂಡಿದರೆ ಹೃದಯಾಘಾತ ಸಂಭವಿಸುತ್ತದೆ. ಅಲ್ಲಿ ಬೇಕಾದುದು ಈ ತಡೆಯೇ. ಆದರೆ ಪೆಪ್ಟೈಡನ್ನು ನುಂಗಿದರೆ ಜಠರದ ಹಾಗೂ ಕರುಳಿನ ಕಿಣ್ವಗಳು ಅದನ್ನು ಕತ್ತರಿಸಿಬಿಡುತ್ತವೆ. ರಕ್ತಕ್ಕೆ ಕೊಟ್ಟರೂ ಅನೇಕ ಪೆಪ್ಟೈಡುಗಳು ಬಹು ಬೇಗ ನಾಶವಾಗುತ್ತವೆ. ಆದುದರಿಂದ ರಸಾಯನಜ್ಞರು ಆ ಮೂರು ಕೊಂಡಿಗಳ ಆಕಾರವನ್ನು ಅನುಸರಿಸಿ, ಪೆಪ್ಟೈಡ್ ಅಲ್ಲದ ಟೈರೋಫಿಬಾನ್ ಎಂಬ ಸಣ್ಣ ಅಣುವನ್ನು ರಚಿಸಿದರು. ಅಮೆರಿಕದ ಒಂದು ಕಿರಿಯ ಗಿಲಕಿಹಾವಿನ ವಿಷದ ಮಾದರಿಯಿಂದ ಎಪ್ಟಿಫಿಬಟೈಡ್ ಎಂಬ ಉಂಗುರಾಕಾರದ ಪೆಪ್ಟೈಡ್ ಸಿದ್ಧವಾಯಿತು. ಇವೆರಡಕ್ಕೂ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಎರಡನ್ನೂ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕವೇ ಕೊಡುತ್ತಾರೆ. ಕೊಡುವುದನ್ನು ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಬಿಲ್ಲೆಗಳು ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತವೆ. ಇವುಗಳ ಮುಖ್ಯ ಅಪಾಯವೂ ರಕ್ತಸ್ರಾವವೇ ಎಂಬುದು ಗಮನಾರ್ಹ. ತಡೆಯ ಗುಣ ಒಂದೇ. ಅಳತೆಯೂ ಸಮಯವೂ ವೈದ್ಯನ ಹಿಡಿತದಲ್ಲಿರುವುದೇ ಭೇದ.

ವಿಷದಿಂದ ಔಷಧ ಹುಟ್ಟಿತೆಂದು ಹಾವಿನ ಕಡಿತವನ್ನು ಹಗುರವಾಗಿ ಎಣಿಸಲಾಗದು. ಕಚ್ಚಿದ ಕಡೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ಹಾನಿಕರ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ತುಸು ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆಯೆಂಬ ಶಂಕೆ ಬಲಗೊಳ್ಳುತ್ತದೆ. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಸಲ್ಲುವ ಪ್ರತಿವಿಷವನ್ನು ಕೊಡುತ್ತಾರೆ. ಓದುಗರು ತಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಪ್ರತಿವಿಷ ದೊರೆಯುವುದೆಂದು ಇಂದೇ ವಿಚಾರಿಸಿ ಮನೆಯವರಿಗೆ ತಿಳಿಸಿದರೆ, ಈ ಪಾಠ ಓದಿದ್ದಕ್ಕೆ ಅದೇ ಫಲ.