ಸಣ್ಣ ಗರಗಸದ ಕೈಗೆಲಸ

ಬಡಗಿಯ ಕೈಯಲ್ಲಿರುವ ದೊಡ್ಡ ಗರಗಸವು ನೇರವಾಗಿ ಕೊಯ್ಯಬಲ್ಲುದೇ ಹೊರತು ಬಳ್ಳಿಯಂತೆ ಬಳುಕಿ ಸಾಗಲಾರದು. ಅದರ ಅಲಗು ಅಗಲವಾದುದು. ಒಮ್ಮೆ ಹಲಗೆಯೊಳಗೆ ಇಳಿದ ಮೇಲೆ ಪಕ್ಕಕ್ಕೆ ತಿರುಗಲು ಎಡೆಯಿರುವುದಿಲ್ಲ. ಮಾವಿನೆಲೆಯ ಅಂಚನ್ನೋ ನವಿಲಿನ ಕೊರಳನ್ನೋ ಮರದಲ್ಲಿ ಬಿಡಿಸಬೇಕಾದರೆ ಅಲಗು ದಾರದಷ್ಟು ಸಣ್ಣದಾಗಿರಬೇಕು. ಅಷ್ಟು ಸಣ್ಣ ಅಲಗು ತಾನಾಗಿಯೇ ನೆಟ್ಟಗೆ ನಿಲ್ಲದು. ಎರಡು ತುದಿಗಳನ್ನೂ ಬಿಗಿಯಾಗಿ ಹಿಡಿದು ಎಳೆದಿಡುವ ಚೌಕಟ್ಟು ಅದಕ್ಕೆ ಬೇಕು. ಹೀಗೆ ಹುಟ್ಟಿದುದೇ ಫ್ರೆಟ್ ಗರಗಸ. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಉಕ್ಕಿನ ಚೌಕಟ್ಟು, ಅದರ ಬಾಯಿಯಲ್ಲಿ ಸುಮಾರು ಐದು ಅಂಗುಲದ ಅಲಗು, ಕೆಳಗೊಂದು ಮರದ ಹಿಡಿ, ಉಪಕರಣವೆಂದರೆ ಇಷ್ಟೆ. ಇದನ್ನೇ ವಿದ್ಯುತ್ತಿನಿಂದ ನಡೆಯುವಂತೆ ಮಾಡಿ ಮೇಜಿನ ಮೇಲೆ ನಿಲ್ಲಿಸಿದರೆ ಇಂದು ಸ್ಕ್ರೋಲ್ ಸಾ ಎಂದು ಕರೆಯುವ ಯಂತ್ರವಾಗುತ್ತದೆ. ನಮ್ಮೂರುಗಳ ಅಕ್ಕಸಾಲಿಗರು ಬೆಳ್ಳಿಯ ತಗಡನ್ನು ಕೊರೆಯಲು ಬಳಸುವ ಪುಟ್ಟ ಗರಗಸವೂ ಇದರ ಒಡಹುಟ್ಟೇ ಆಗಿದೆ.

ಈ ಕೆಲಸವು ನಮಗೆ ದೂರದ್ದಲ್ಲ. ಮೈಸೂರಿನ ಬೀಟೆಮರದ ಕುಸುರಿ ಫಲಕಗಳನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಆನೆ, ತೆಂಗಿನ ತೋಪು, ಹಳ್ಳಿಯ ದಾರಿ, ದೀಪ ಹಿಡಿದ ಹೆಣ್ಣುಮಗಳು ಮುಂತಾದ ಚಿತ್ರಗಳು ಅವುಗಳಲ್ಲಿರುತ್ತವೆ. ಮೊದಲ ನೋಟಕ್ಕೆ ಬಣ್ಣದ ಚಿತ್ರವೆಂದೇ ತೋರುವ ಆ ಫಲಕದಲ್ಲಿ ಬಣ್ಣವೇ ಇರುವುದಿಲ್ಲ. ಹಲಸಿನ ತಿರುಳಿನ ಹಳದಿ, ಹಾಲೆಮರದ ಬಿಳುಪು, ಬೀಟೆಯ ನೇರಿಳೆ ಬೆರೆತ ಕಂದು, ಹೀಗೆ ಮರಗಳ ಸಹಜ ವರ್ಣಗಳೇ ಅಲ್ಲಿ ಕುಂಚದ ಕಾರ್ಯವನ್ನು ಮಾಡುತ್ತವೆ. ಕುಶಲಕರ್ಮಿಯು ಮೊದಲು ಚಿತ್ರವನ್ನು ಕಾಗದದ ಮೇಲೆ ಬರೆದು, ಯಾವ ಭಾಗಕ್ಕೆ ಯಾವ ಮರವೆಂದು ನಿಶ್ಚಯಿಸಿ, ತೆಳುವಾದ ಹಲಗೆಗಳಿಂದ ಒಂದೊಂದೇ ತುಂಡನ್ನು ಸಣ್ಣ ಗರಗಸದಿಂದ ಕೊಯ್ದು ತೆಗೆಯುತ್ತಾನೆ. ಬಳಿಕ ಬೀಟೆಯ ಹಲಗೆಯಲ್ಲಿ ಅದೇ ಆಕಾರದ ತಗ್ಗನ್ನು ಉಳಿಯಿಂದ ತೋಡಿ, ತುಂಡುಗಳನ್ನು ಅಂಟಿನಿಂದ ಕೂರಿಸಿ, ಮೇಲ್ಮೈಯನ್ನು ಉಜ್ಜಿ ಸಮಗೊಳಿಸಿ, ಮೆರುಗು ಕೊಡುತ್ತಾನೆ. ತುಂಡಿಗೂ ತಗ್ಗಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಕಣ್ಣಿಗೆ ಹೊಡೆಯುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಕಿರಿದಾದ ಕಾರ್ಯಾಗಾರಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆಯಿದು. ಈ ಕಸುಬಿಗೆ ಈಗ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ.

ಹಿಂದೆ ಈ ಕುಸುರಿಗೆ ಆನೆಯ ದಂತವನ್ನೂ ಬಳಸುತ್ತಿದ್ದರು. 1897ರ ಬೆಂಕಿಯ ಅನಂತರ ಹೊಸದಾಗಿ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತವನ್ನು ಕೂರಿಸಿದ ಬೀಟೆಯ ಬಾಗಿಲನ್ನು ಇಂದಿಗೂ ನೋಡಬಹುದು. ಅದರ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಆದರೆ ತಳಿ, ಜವಳಗಿರಿಗಳ ಕಾಡಿನಿಂದ ಇಳಿದುಬರುವ ಆನೆಗಳ ಹಿಂಡನ್ನು ಕಣ್ಣಾರೆ ಕಂಡ ನಮ್ಮ ಮಕ್ಕಳಿಗೆ ಆ ದಂತದ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಂದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರವು ನಿಷಿದ್ಧವಾಯಿತು. ಅಂದಿನಿಂದ ಬಿಳುಪು ಬೇಕಾದ ಕಡೆ ಬಿಳಿಯ ಮರವನ್ನೋ ಪ್ಲಾಸ್ಟಿಕ್ಕನ್ನೋ ಕೂರಿಸುತ್ತಾರೆ. ಕಲೆಯು ಇದರಿಂದ ಸೊರಗಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಹೊರದೇಶಗಳಲ್ಲಿಯೂ ಈ ಗರಗಸಕ್ಕೆ ದೀರ್ಘವಾದ ಚರಿತ್ರೆಯುಂಟು. ಇಂಗ್ಲೆಂಡಿನಲ್ಲಿ 1895ರಲ್ಲಿ ‘ಹಾಬೀಸ್ ವೀಕ್ಲಿ’ ಎಂಬ ವಾರಪತ್ರಿಕೆ ಆರಂಭವಾಯಿತು. ಹಲಗೆಯ ಮೇಲೆ ಅಂಟಿಸಿ ಕೊಯ್ಯಬಹುದಾದ ವಿನ್ಯಾಸದ ಹಾಳೆಯನ್ನು ಅದರೊಡನೆ ಕೊಡುತ್ತಿದ್ದರು. ಹೀಗಾಗಿ ಸಾವಿರಾರು ಮನೆಗಳ ಅಡುಗೆಯ ಮೇಜು ಸಂಜೆಯ ವೇಳೆಗೆ ಕಮ್ಮಟವಾಗುತ್ತಿತ್ತು. ಒಬ್ಬನು ಬರೆದ ವಿನ್ಯಾಸವನ್ನು ಊರೆಲ್ಲ ಹಂಚಿಕೊಂಡು, ಪ್ರತಿಯೊಬ್ಬನೂ ತನ್ನ ಕೈಯಿಂದ ಬೇರೆಬೇರೆಯಾಗಿ ಮಾಡುವ ಈ ಪದ್ಧತಿಯು ನಮ್ಮ ಹೆಣ್ಣುಮಕ್ಕಳ ರಂಗೋಲಿಯ ಪುಸ್ತಕವನ್ನು ನೆನಪಿಗೆ ತರುತ್ತದೆ.

ಇಲ್ಲಿ ಪೋಷಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನಾವು ಬಲ್ಲೆವು. ‘ಓದಲೆಂದು ಶಾಲೆಗೆ ಕಳುಹಿದ ಹುಡುಗನ ಕೈಗೆ ಗರಗಸವೇಕೆ? ಅವನು ಮರಗೆಲಸಕ್ಕೆ ಹೋಗಬೇಕೆ?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅದರ ಹಿಂದೆ ನಮ್ಮ ನಾಡಿನ ಒಂದು ಕಹಿ ಅನುಭವವಿದೆ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ಮಹನೀಯರು, ಪ್ರಾಥಮಿಕ ಶಿಕ್ಷಣಕ್ಕೆ ಒಂದು ಹೊಸ ಯೋಜನೆಯನ್ನು ತಂದರು. ಹಳ್ಳಿಯ ಮಕ್ಕಳು ದಿನದಲ್ಲಿ ಮೂರು ಗಂಟೆ ಮಾತ್ರ ಶಾಲೆಯಲ್ಲಿದ್ದು, ಉಳಿದ ವೇಳೆಯಲ್ಲಿ ತಂದೆತಾಯಿಗಳ ಕಸುಬನ್ನು ಕಲಿಯಬೇಕೆಂಬುದು ಅದರ ತಿರುಳು. ಶಾಲೆಗಳೂ ಉಪಾಧ್ಯಾಯರೂ ಸಾಲದಿದ್ದ ಆ ಕಾಲದಲ್ಲಿ ಹೆಚ್ಚು ಮಕ್ಕಳಿಗೆ ಎಡೆಮಾಡಿಕೊಡುವ ಉಪಾಯವೆಂದು ಅದನ್ನು ಸಮರ್ಥಿಸಿದರು. ಜನರಿಗೆ ಮಾತ್ರ ಅದು ಬೇರೆಯಾಗಿಯೇ ಕಂಡಿತು: ಬಡಗಿಯ ಮಗ ಬಡಗಿಯಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಬೇಕೆಂಬ ಕಟ್ಟಳೆಯಲ್ಲವೆ ಇದು? ವಿರೋಧವು ಪ್ರಬಲವಾಯಿತು. 1954ರಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಟ್ಟರು. ಅವರ ತರುವಾಯ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು.

ಕೈಬಿಟ್ಟದ್ದು ಸರಿಯೆಂದೇ ನಾವು ಭಾವಿಸುತ್ತೇವೆ. ಆದರೆ ಅದರೊಡನೆ ಕೈಗೆಲಸದ ಮೇಲೆಯೇ ಒಂದು ಬಗೆಯ ಸಂಶಯ ಉಳಿದುಬಿಟ್ಟಿತು. ತಪ್ಪಿದ್ದುದು ಗರಗಸದಲ್ಲಿ ಅಲ್ಲ. ಯಾರ ಮಗನಿಗೆ ಯಾವ ಉಪಕರಣವೆಂದು ಹುಟ್ಟಿನಿಂದ ನಿಶ್ಚಯಿಸುವುದರಲ್ಲಿ. ಫಿನ್ಲೆಂಡಿನಲ್ಲಿ 1866ರಲ್ಲಿಯೇ ಕೈಗೆಲಸವನ್ನು ಜನಶಾಲೆಗಳ ಪಾಠವನ್ನಾಗಿ ಮಾಡಿದರು. ಸ್ವೀಡನ್ನಿನಲ್ಲಿ ಓಟೋ ಸಾಲೊಮನ್ ಎಂಬವರು ಅದೇ ಪದ್ಧತಿಯಲ್ಲಿ ಉಪಾಧ್ಯಾಯರನ್ನು ತರಬೇತುಗೊಳಿಸಿದರು. ಸ್ಲಾಯ್ಡ್ ಎಂದು ಹೆಸರಾದ ಆ ಶಿಕ್ಷಣದ ಗುರಿ ಬಡಗಿಗಳನ್ನು ತಯಾರಿಸುವುದಾಗಿರಲಿಲ್ಲ. ಕಣ್ಣು, ಕೈ, ಬುದ್ಧಿ ಈ ಮೂರೂ ಒಂದೇ ಕೆಲಸದಲ್ಲಿ ಕೂಡಬೇಕು, ಮಗುವು ಮಾಡಿದ ವಸ್ತು ಮನೆಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಅವರ ಆಶಯ. ವಕೀಲರ ಮಗಳೂ ಕೂಲಿಯವನ ಮಗನೂ ಒಂದೇ ಮೇಜಿನಲ್ಲಿ ಒಂದೇ ಗರಗಸವನ್ನು ಸರದಿಯಂತೆ ಹಿಡಿದರೆ ಕುಲದ ಮಾತು ಅಲ್ಲಿ ನಿಲ್ಲುವುದೆಂತು?

ಇನ್ನು ಕೆಲಸದ ಕ್ರಮ. ಮೊದಲಿಗೆ ಬೀಟೆಯೂ ಬೇಡ, ಗಂಧವೂ ಬೇಡ. ಮೂರು ಪದರದ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಅದರ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿರುತ್ತಾರೆ; ಆದುದರಿಂದ ಸಣ್ಣ ಬಳ್ಳಿಯಂತಹ ಭಾಗಗಳೂ ಸುಲಭವಾಗಿ ಮುರಿಯುವುದಿಲ್ಲ. ಸಾಧಾರಣ ಹಲಗೆಯಲ್ಲಿ ಎಳೆಗೆ ಅಡ್ಡಲಾಗಿ ಬಂದ ಸಣ್ಣ ಭಾಗವು ಬೆರಳು ತಾಗಿದರೂ ಮುರಿಯುತ್ತದೆ. ಕೃಷ್ಣಗಿರಿಯ ಕಡೆ ಹಳೆಯ ಮಾವಿನ ತೋಪುಗಳನ್ನು ತೆಗೆದಾಗ ಮಾವಿನ ಹಲಗೆ ಸಿಗುವುದುಂಟು. ಅದು ಮೆದುವಾದ ಮರ, ಕೊಯ್ಯಲು ಹಿತವಾದುದು. ಆದರೆ ಹುಳು ಬೇಗ ಹಿಡಿಯುವುದರಿಂದ ಚೆನ್ನಾಗಿ ಒಣಗಿಸಿದ ಹಲಗೆಯನ್ನೇ ಆರಿಸಬೇಕು.

ಅಲಗನ್ನು ಚೌಕಟ್ಟಿಗೆ ಸೇರಿಸುವಾಗ ಹಲ್ಲುಗಳು ಕೆಳಮುಖವಾಗಿ, ಹಿಡಿಯ ಕಡೆಗೆ ಇರಬೇಕು. ಕೆಳಕ್ಕೆ ಎಳೆಯುವಾಗ ಮಾತ್ರ ಅದು ಕೊಯ್ಯುತ್ತದೆ; ಆ ಎಳೆತವೇ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ. ಹಲ್ಲು ಮೇಲ್ಮುಖವಾದರೆ ಹಲಗೆ ಕುಣಿಯುತ್ತದೆ, ಅಲಗು ಮುರಿಯುತ್ತದೆ. ಬಿಗಿದ ಅಲಗನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ನಾದ ಬರಬೇಕು. ಮಂಕಾದ ಸದ್ದು ಬಂದರೆ ಬಿಗಿ ಸಾಲದೆಂದು ತಿಳಿಯಬೇಕು. ಮೇಜಿನ ಅಂಚಿಗೆ, ನಡುವೆ ಬೆಣೆಯಾಕಾರದ ಕಂಡಿ ಕತ್ತರಿಸಿದ ಒಂದು ಹಲಗೆಯನ್ನು ಹೊರಚಾಚುವಂತೆ ಬಿಗಿದು, ಕೆಲಸದ ತುಂಡನ್ನು ಅದರ ಮೇಲಿಟ್ಟು, ಕಂಡಿಯೊಳಗೆ ಗರಗಸವನ್ನು ಆಡಿಸಬೇಕು. ಗರಗಸವು ನಿಂತಲ್ಲೇ ಮೇಲೆ ಕೆಳಗೆ ಆಡುತ್ತಿರಲಿ, ತಿರುಗಬೇಕಾದುದು ಹಲಗೆ. ಚೂಪಾದ ತಿರುವು ಬಂದಾಗ ಮುಂದಕ್ಕೆ ತಳ್ಳದೆ, ಅಲಗನ್ನು ಅಲ್ಲಿಯೇ ಆಡಿಸುತ್ತ ಹಲಗೆಯನ್ನು ಮೆಲ್ಲನೆ ತಿರುಗಿಸಬೇಕು. ಈ ಒಂದು ತಿರುವನ್ನು ಕಲಿಯಲು ಎಳೆಯರಿಗೆ ಒಂದು ವಾರ ಹಿಡಿಯಬಹುದು. ಕೊಯ್ಯುವ ಕೈಗಿಂತ ಕಾಯುವ ಕೈಗೆ ಹೆಚ್ಚು ಅಭ್ಯಾಸ ಬೇಕಷ್ಟೆ.

ಒಳಗಿನ ಕಂಡಿಗಳನ್ನು ತೆಗೆಯಲು ಪ್ರತಿಯೊಂದಕ್ಕೂ ಬೈರಿಗೆಯಿಂದ ಒಂದು ತೂತು ಹಾಕಿ, ಅಲಗಿನ ಒಂದು ತುದಿಯನ್ನು ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯಬೇಕು. ಒಳಕಂಡಿಗಳೆಲ್ಲ ಮುಗಿದ ಮೇಲೆಯೇ ಹೊರಗಿನ ಅಂಚು. ಮೊದಲೇ ಅಂಚನ್ನು ಕೊಯ್ದರೆ ಒಳಗನ್ನು ಕೊರೆಯುವಾಗ ಕೈಗೆ ಹಿಡಿತ ಸಿಗುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳಲ್ಲಿಯೂ, ಅಹಮದಾಬಾದಿನ ಸಿದ್ದಿ ಸೈಯದ್ ಮಸೀದಿಯ ಮರದಾಕಾರದ ಕಲ್ಲಿನ ಕಿಟಕಿಯಲ್ಲಿಯೂ ಶಿಲ್ಪಿಗಳು ಪಾಲಿಸಿರುವ ನಿಯಮವೊಂದಿದೆ: ತೆಗೆದುದು ಎಷ್ಟೇ ಇರಲಿ, ಉಳಿದುದೆಲ್ಲ ಒಂದಕ್ಕೊಂದು ಕೂಡಿಕೊಂಡೇ ಇರಬೇಕು. ಎಲ್ಲಿಯೂ ತಾಗದ ಭಾಗವು ಕೆಳಗೆ ಬೀಳುತ್ತದೆ.

ಈ ನಿಯಮವನ್ನು ನಮ್ಮ ಅಕ್ಷರಗಳ ಮೇಲೆ ಪ್ರಯೋಗಿಸಿದರೆ ಸ್ವಾರಸ್ಯ ಹೆಚ್ಚುತ್ತದೆ. ‘ಪಾಠಶಾಲೆ’ ಎಂಬ ಪದವನ್ನು ಮರದಲ್ಲಿ ಕೊಯ್ಯಲು ಹೊರಟ ಬಾಲಕನು ‘ಠ’ ಅಕ್ಷರದ ಬಳಿ ನಿಲ್ಲಲೇಬೇಕು. ವೃತ್ತದ ಒಳಗನ್ನು ತೆಗೆದರೆ ನಡುವಿನ ಚುಕ್ಕೆಗೆ ಆಧಾರವಿಲ್ಲ. ‘ಕನ್ನಡ’ ಎಂದು ಕೊಯ್ದರೆ ನಕಾರದ ಒತ್ತು ಕೆಳಗೆ ಬೇರೆಯಾಗಿ ಉದುರುತ್ತದೆ. ‘ಅಂಗಳ’ವೆಂದರೆ ಸೊನ್ನೆ ಉರುಳಿಹೋಗುತ್ತದೆ. ತಮಿಳನ್ನೂ ಓದುವ ನಮ್ಮ ಮಕ್ಕಳು ಅಲ್ಲಿನ ವ್ಯಂಜನಗಳ ತಲೆಯ ಮೇಲಿನ ಪುಳ್ಳಿಗೂ ಇದೇ ಗತಿಯೆಂಬುದನ್ನು ಕೂಡಲೆ ಕಂಡುಹಿಡಿಯುತ್ತಾರೆ. ಪರಿಹಾರಗಳು ಹಲವು. ಚುಕ್ಕೆಗೂ ವೃತ್ತಕ್ಕೂ ನಡುವೆ ಸಣ್ಣ ಸೇತುವೆಯನ್ನು ಉಳಿಸಬಹುದು. ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗುವಂತೆ ಬರೆಯಬಹುದು. ಅಕ್ಷರಗಳ ಕೆಳಗೆ ಒಂದು ಪಟ್ಟಿಯನ್ನು ಬಿಟ್ಟು ಎಲ್ಲವನ್ನೂ ಅದಕ್ಕೆ ಕೂಡಿಸಬಹುದು. ಅಕ್ಷರವನ್ನೇ ಕಂಡಿಯಾಗಿ ಕೊರೆಯುವುದಾದರೆ ಒತ್ತಿನ ತೊಂದರೆ ತಪ್ಪುತ್ತದೆ, ಆದರೆ ಸೊನ್ನೆಯ ಒಳಗಿನ ಬಿಲ್ಲೆ ಬೀಳುತ್ತದೆ. ಯಾವ ಅಕ್ಷರಕ್ಕೆ ಎಲ್ಲಿ ಸೇತುವೆ ಹಾಕಿದರೆ ರೂಪ ಕೆಡದೆಂದು ಯೋಚಿಸುತ್ತ ಕುಳಿತ ಮಗುವು ತನ್ನ ಲಿಪಿಯನ್ನು ಹಿಂದೆಂದೂ ನೋಡದಷ್ಟು ಹತ್ತಿರದಿಂದ ನೋಡುತ್ತದೆ. ಕಾಪಿ ಪುಸ್ತಕದಲ್ಲಿ ನೂರು ಬಾರಿ ಬರೆದರೂ ಈ ಪರಿಚಯ ದೊರೆಯಲಾರದು.

ಕೊಯ್ದ ಅಂಚನ್ನು ಮೊದಲು ಒರಟು, ಬಳಿಕ ನುಣುಪು ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿ ಉಜ್ಜಿ, ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯಿಂದ ತೆಳುವಾಗಿ ಎರಡು ಮೂರು ಸಲ ಬಳಿದರೆ ಸಾಕು. ಈ ಕೆಲಸವನ್ನು ಒಲೆಯಿಂದಲೂ ದೀಪದಿಂದಲೂ ದೂರ ಮಾಡತಕ್ಕದ್ದು. ಮರದ ಹುಡಿಯನ್ನು ಬಾಯಿಂದ ಊದಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಂಚದಿಂದ ಗುಡಿಸಬೇಕು. ಮುರಿದ ಅಲಗಿನ ಚೂರು ಹಾರುವುದುಂಟಾದುದರಿಂದ ಕಣ್ಣಿಗೆ ಕನ್ನಡಕ ಅವಶ್ಯಕ. ವಿದ್ಯುತ್ ಯಂತ್ರದ ಬಳಿ ಹಿರಿಯರಿಲ್ಲದೆ ಮಕ್ಕಳು ಹೋಗಲೇಕೂಡದು.

ಮಾಡಿದ ವಸ್ತು ಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತ ಇರಬಾರದೆಂಬುದು ನಮ್ಮ ಆಗ್ರಹ. ಮಾವಿನೆಲೆಯ ತೋರಣವನ್ನು ನೆರೆಮನೆಯ ಗೃಹಪ್ರವೇಶಕ್ಕೆ ಕೊಡಬಹುದು. ಶಾಲೆಯ ವಸ್ತುಪ್ರದರ್ಶನದಲ್ಲಿಡುವಾಗ ಹಿಂಬದಿಯಲ್ಲಿ ಮರದ ಹೆಸರು, ವರ್ಷ, ವಿನ್ಯಾಸ ಯಾರದೆಂಬುದನ್ನು ಬರೆದಿಡುವುದು ಒಳ್ಳೆಯ ಪದ್ಧತಿ. ಎತ್ತಿ ನೋಡಲು ಬಿಡುವುದು ಇನ್ನೂ ಒಳ್ಳೆಯದು. ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಆಕಾರವನ್ನು ಅರಿಯಬಲ್ಲ ಚಿತ್ರವೆಂದರೆ ಇಂತಹುದೇ ಅಲ್ಲವೆ?

ಹಿರಿಯ ತರಗತಿಯವರು ಕಿರಿಯರಿಗೆ ಕೊಡಲು ತಕ್ಕುದಾದ ಒಂದು ವಸ್ತುವನ್ನು ಇಲ್ಲಿ ಸೂಚಿಸುತ್ತೇವೆ. ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರನು 1760ರ ದಶಕದಲ್ಲಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಎಲ್ಲೆಯ ಗುಂಟ ಕೊಯ್ದು, ಮಕ್ಕಳು ಮತ್ತೆ ಜೋಡಿಸಿ ಭೂಗೋಳ ಕಲಿಯುವಂತೆ ಮಾಡಿದನು. ಜೋಡಣೆಯ ಆಟಗಳೆಲ್ಲಕ್ಕೂ ಅದೇ ಮೂಲ. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ: ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ, ಶೂಲಗಿರಿ, ಕೃಷ್ಣಗಿರಿ, ಬರಗೂರು, ಪೋಚಂಪಳ್ಳಿ, ಊತಂಗರೆ. ಆರು ಮಿಲಿಮೀಟರ್ ಹಲಗೆಯ ಮೇಲೆ ನಕ್ಷೆಯನ್ನು ಅಂಟಿಸಿ ಅತಿ ಸಣ್ಣ ಅಲಗಿನಿಂದ ಕೊಯ್ದರೆ ಎಂಟು ತುಂಡುಗಳೂ ಸಡಿಲವಿಲ್ಲದೆ ಕೂಡುತ್ತವೆ. ದಕ್ಷಿಣ ಪಿನಾಕಿನಿಯನ್ನು ನೀಲಿಯಲ್ಲಿ ಎಳೆದರೆ ಹೊಸೂರಿನ ತುಂಡಿನಿಂದ ಕೃಷ್ಣಗಿರಿಯ ಕಡೆಗೆ ನದಿಯನ್ನು ಕೂಡಿಸುವುದೇ ಮಕ್ಕಳಿಗೆ ಒಂದು ಆಟ. ಕೊಯ್ಯುವ ಮೊದಲು ನಕ್ಷೆಯ ಇನ್ನೊಂದು ಪ್ರತಿಯನ್ನು ಶಾಲೆಯ ಕಪಾಟಿನಲ್ಲಿ ಇಟ್ಟಿರಬೇಕು. ಒಂದನೆಯ ತರಗತಿಯ ಮಕ್ಕಳು ಅಂಚೆಟ್ಟಿಯನ್ನು ಕಳೆದುಹಾಕಿದರೆ ಮರುದಿನವೇ ಹೊಸದೊಂದು ಅಂಚೆಟ್ಟಿಯನ್ನು ಕೊಯ್ದು ಕೊಡಬಹುದು.