ಸಕ್ಕರೆಗೆ ಮುಚ್ಚುವ ಬಾಯಿ: ಯೀಸ್ಟಿನ ಒಂದು ಕಿಣ್ವದ ಆಕಾರ

ನಮ್ಮ ಹೈದರಾಬಾದಿನ ಬೇಕರಿಗಳಲ್ಲಿ ಕಲಸಿಟ್ಟ ಹಿಟ್ಟು ಕೆಲವು ತಾಸುಗಳಲ್ಲಿ ಉಬ್ಬಿ ನಿಲ್ಲುತ್ತದೆ. ಮುಂಜಾನೆ ಇಳಿಸಿದ ಈಚಲಿನ ಸಿಹಿ ರಸ ಹೊತ್ತೇರುತ್ತಿದ್ದಂತೆ ಹುಳಿತು ಹೆಂಡವಾಗುತ್ತದೆ. ಎರಡು ಕಡೆಯೂ ದುಡಿಯುವುದು ಯೀಸ್ಟು ಎಂಬ ಸೂಕ್ಷ್ಮಜೀವಿ. ಸಕ್ಕರೆಯನ್ನು ಒಡೆದು ಅದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ.

ಈ ಕೆಲಸ ನಡೆಸುವವು ಅದರೊಳಗಿನ ಕಿಣ್ವಗಳು. 'ಕಿಣ್ವ' ಹಳೆಯ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಗೆ ಬೆರೆಸುವ ಹುದುಗಿಗೆ ಈ ಹೆಸರಿದೆ. 'ಎನ್‌ಜೈಮ್' ಎಂಬ ಪದಕ್ಕೂ ಗ್ರೀಕಿನಲ್ಲಿ 'ಯೀಸ್ಟಿನೊಳಗಿನದು' ಎಂದೇ ಅರ್ಥ. ಯೀಸ್ಟನ್ನು ಅರೆದು ಹಿಂಡಿದ, ಜೀವಕೋಶವಿಲ್ಲದ ರಸವೂ ಸಕ್ಕರೆಯನ್ನು ಹುಳಿಯಿಸುವುದೆಂದು 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ತೋರಿಸಿದರು.

ಸಕ್ಕರೆ ಒಡೆಯುವ ಸಾಲಿನಲ್ಲಿ ಮೊದಲು ಕೈಹಾಕುವ ಕಿಣ್ವ ಹೆಕ್ಸೊಕೈನೇಸ್. ಗ್ಲೂಕೋಸಿಗೆ ಒಂದು ಫಾಸ್ಫೇಟ್ ತುಣುಕನ್ನು ಅಂಟಿಸುವುದು ಅದರ ಕೆಲಸ. ಆಮೇಲೆ ಗ್ಲೂಕೋಸ್ ಕೋಶದಿಂದ ಹೊರಗೆ ಜಾರಲಾರದು. ಆ ತುಣುಕನ್ನು ಕೊಡುವುದು ಎ.ಟಿ.ಪಿ. ಎಂಬ ವಸ್ತು. ಅದು ಜೀವಕೋಶದ ನಗದು ಹಣವಿದ್ದಂತೆ.

ಇಲ್ಲೊಂದು ಒಗಟಿತ್ತು. ಬೀಗಕ್ಕೆ ಕೀಲಿಕೈ ಹೊಂದುವಂತೆ ಕಿಣ್ವಕ್ಕೆ ಅದರ ವಸ್ತು ಹೊಂದುತ್ತದೆಂದು 1894ರಲ್ಲಿ ಎಮಿಲ್ ಫಿಷರ್ ಹೇಳಿದ್ದರು. ಆದರೆ ಬೀಗದ ಕಂಡಿ ಸದಾ ತೆರೆದೇ ಇರುವುದಷ್ಟೆ! ಕೋಶದ ತುಂಬ ನೀರಿದೆ. ಫಾಸ್ಫೇಟನ್ನು ನೀರೂ ಪಡೆಯಬಲ್ಲುದು. ಹಾಗಾದರೆ ಸಕ್ಕರೆಯಿಲ್ಲದ ಹೊತ್ತಿನಲ್ಲಿ ಎ.ಟಿ.ಪಿ.ಯೆಲ್ಲ ನೀರುಪಾಲಾಗಬೇಡವೆ? ನಿಜದಲ್ಲಿ ಹಾಗಾಗುವುದು ಅತ್ಯಲ್ಪ. ಏಕೆ? ಕಿಣ್ವ ಬಿಗಿಯಾದ ಬೀಗವಲ್ಲ, ಸಕ್ಕರೆ ಸೋಕಿದಾಗ ತನ್ನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ ಎಂದು 1958ರಲ್ಲಿ ಅಮೆರಿಕದ ಡೇನಿಯಲ್ ಕೋಶ್ಲೆಂಡ್ ಸೂಚಿಸಿದರು.

ಸೂಚನೆ ಸಾಲದು, ಕಣ್ಣಿಗೆ ಕಾಣಬೇಕು. ಯೇಲ್ ವಿಶ್ವವಿದ್ಯಾನಿಲಯದ ಥಾಮಸ್ ಸ್ಟೈಟ್ಸ್ ಮತ್ತು ಸಂಗಡಿಗರು ಈ ಕಿಣ್ವವನ್ನು ಹರಳುಗಟ್ಟಿಸಿ, ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದರು. ಕಿರಣಗಳು ಚದರಿ ಮೂಡಿಸಿದ ಚುಕ್ಕೆಗಳನ್ನು ಅಳೆದು, ಲೆಕ್ಕ ಹಾಕಿ, ಅಣುವಿನ ಆಕಾರವನ್ನು ಬಿಡಿಸಿದರು. ಸುಮಾರು 485 ಅಮೈನೋ ಆಮ್ಲಗಳ ಸರವು ಮಡಿಚಿಕೊಂಡು ಎರಡು ಹೋಳುಗಳಾಗಿತ್ತು. ನಡುವೆ ಆಳವಾದ ಸೀಳು. ಸಕ್ಕರೆಯಿಲ್ಲದ ರೂಪವನ್ನೂ ಸಕ್ಕರೆ ಹಿಡಿದ ರೂಪವನ್ನೂ 1978ರಲ್ಲಿ ಹೋಲಿಸಿದಾಗ ಗುಟ್ಟು ಬಯಲಾಯಿತು. ಸಕ್ಕರೆ ಸೀಳಿನಲ್ಲಿ ಕುಳಿತರೆ ಒಂದು ಹೋಳು 12 ಡಿಗ್ರಿ ತಿರುಗಿ ಸೀಳನ್ನು ಮುಚ್ಚುತ್ತದೆ. ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷದಲ್ಲಿ ಸರಿಯುವಷ್ಟೇ ತಿರುವು! ತುತ್ತು ಬಿದ್ದ ಬಾಯಿ ಮುಚ್ಚಿದಂತೆ. ನೀರು ಹೊರಗುಳಿಯುತ್ತದೆ, ಫಾಸ್ಫೇಟ್ ಸಕ್ಕರೆಗೇ ಸೇರುತ್ತದೆ.

ಇಂಥ ಸರ ಹೇಗೆ ಮಡಿಚಬಲ್ಲುದು, ಹೇಗೆ ಮಡಿಚಲಾರದು ಎಂಬುದಕ್ಕೆ ನಕ್ಷೆ ಹಾಕಿಕೊಟ್ಟವರು ನಮ್ಮ ದೇಶದವರೇ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಅದನ್ನು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮುಂದೆ ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಯಾವ ಪ್ರೋಟೀನಿನ ಆಕಾರ ಬಿಡಿಸಿದರೂ ಇಂದಿಗೂ ಅದನ್ನು ಆ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ.

ಯೀಸ್ಟಿನ ಸಂಗತಿ ನಮಗೇಕೆ ಎನ್ನಬೇಡಿ. ಇದೇ ಮನೆತನದ ಗ್ಲೂಕೋಕೈನೇಸ್ ಎಂಬ ಕಿಣ್ವ ನಮ್ಮ ಯಕೃತ್ತಿನಲ್ಲಿಯೂ ಮೇದೋಜೀರಕ ಗ್ರಂಥಿಯಲ್ಲಿಯೂ ಇದೆ. ಗ್ರಂಥಿಯಲ್ಲಿ ಅದು ರಕ್ತದ ಸಕ್ಕರೆಯ ಮಟ್ಟವನ್ನು ಅರಿಯುವ ಕಾವಲುಗಾರ. ಅದೂ ಸಕ್ಕರೆ ಸಿಕ್ಕಾಗ ಬಾಯಿ ಮುಚ್ಚುವುದು 2004ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಕಂಡಿತು. ಅದರ ಜೀನಿನಲ್ಲಿ ಊನವಿದ್ದು ಹುಟ್ಟಿದವರಿಗೆ ರಕ್ತದ ಸಕ್ಕರೆ ಎಳವೆಯಿಂದಲೇ ತುಸು ಹೆಚ್ಚಿರುತ್ತದೆ. ಸಕ್ಕರೆ ಕಾಯಿಲೆಗಳಲ್ಲಿ ಇದು ಒಂದು ವಿರಳ ಬಗೆ ಮಾತ್ರ. ಎಲ್ಲದಕ್ಕೂ ಇದೇ ಕಾರಣವಲ್ಲ.

ಕಿಣ್ವದ ಗುಣ ಅದರ ಆಕಾರದಲ್ಲಿದೆ. ಆ ಆಕಾರವೂ ಕೆಲಸದ ಹೊತ್ತಿಗೆ ಚಲಿಸುತ್ತದೆ. ಇಷ್ಟನ್ನು ನೆನಪಿಟ್ಟರೆ ಈ ಪಾಠ ಸಾರ್ಥಕ.