ಮಳೆಯ ಹಾದಿಯಲ್ಲಿ ನಾಯಿಯ ಜೊತೆ

ಆಷಾಢದ ದಿನಗಳಲ್ಲಿ ಕೊಪ್ಪ ಪೇಟೆಗೆ ಸಮೀಪದ ಬಾಳಗಡಿಯಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೊರಟವನಿಗೆ ಹಾದಿಯುದ್ದಕ್ಕೂ ತಪ್ಪದೆ ಜೊತೆಗೊಡುವುದು ಮಳೆಯೊಂದೇ. ಅದು ಬಯಲುಸೀಮೆಯವರು ಬಲ್ಲ ಮಳೆಯಲ್ಲ. ಬಯಲುಸೀಮೆಯ ಮಳೆ ಗುಡುಗಿ, ಮಿಂಚಿ, ಒಂದೆರಡು ಗಳಿಗೆ ಸುರಿದು ಹೊರಟುಹೋಗುವ ಅತಿಥಿ. ಮಲೆನಾಡಿನ ಮುಂಗಾರಾದರೋ ಆರಿದ್ರೆಯಲ್ಲಿ ಬಂದು, ಪುನರ್ವಸು, ಪುಷ್ಯ, ಆಶ್ಲೇಷೆಗಳನ್ನು ಕಳೆದು, ಮಘೆಯವರೆಗೂ ಬಿಡಾರ ಹೂಡಿ ಕೂರುವ ನೆಂಟ. ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆಲ್ಲ ತಣಿಯುತ್ತದೆ, ತಣಿದ ಗಾಳಿ ತನ್ನ ಒಡಲಿನ ನೀರಾವಿಯನ್ನು ಹೊರಲಾರದೆ ಇಳಿಸಿಬಿಡುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರು. ಶೃಂಗೇರಿಯಿಂದ ಕೆಲವೇ ಹರಿದಾರಿಗಳಾಚೆಗಿರುವ ಆಗುಂಬೆಯಲ್ಲಿ ಅದು ಸರಾಸರಿ 7,000 ಮಿಲಿಮೀಟರನ್ನು ಮೀರುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲಿಯೇ ಅಲ್ಲಿ 4,508 ಮಿಲಿಮೀಟರು ಮಳೆಯಾದುದು ದಾಖಲೆಯಾಗಿದೆ.

ಇಂಥ ಮಳೆಯಲ್ಲಿ ಒಬ್ಬನೇ, ವಾಹನವೊಂದನ್ನೇ ಮನೆಯನ್ನಾಗಿ ಮಾಡಿಕೊಂಡು, ನಾಯಿಯನ್ನು ಜೊತೆಗಿರಿಸಿಕೊಂಡು ಊರೂರು ಸುತ್ತಬೇಕೆಂಬ ಬಯಕೆ ಇಂದು ಹಲವರಲ್ಲಿ ಕಾಣಬರುತ್ತದೆ. ವಾಹನ ಹೊಸದಿರಬಹುದು, ಬಯಕೆ ಹೊಸದಲ್ಲ. ಮೋಟಾರು ಬರುವುದಕ್ಕೆ ಮುಂಚೆ ಮಲೆನಾಡಿನ ದೂರದ ಪಯಣವೆಲ್ಲ ಎತ್ತಿನ ಗಾಡಿಯಲ್ಲಿಯೇ ನಡೆಯುತ್ತಿತ್ತು. ಬಿದಿರಿನ ದಬ್ಬೆಗಳನ್ನು ಬಗ್ಗಿಸಿ, ಮೇಲೆ ಚಾಪೆ ಹೊದಿಸಿದ ಕಮಾನುಗಾಡಿ. ಅದರೊಳಗೆ ಹುಲ್ಲಿನ ಹಾಸು, ಅಕ್ಕಿಯ ಗಂಟು, ಒಂದು ಪಾತ್ರೆ, ಒಂದು ಕಂಬಳಿ. ಅಚ್ಚಿನ ಕೆಳಗೆ ತೂಗಾಡುವ ಲಾಟೀನು, ಅದರ ಬೆಳಕಿನ ವೃತ್ತದೊಳಗೆ, ಚಕ್ರಗಳ ನಡುವೆ, ಮಳೆ ತಾಗದಂತೆ ನಡೆಯುವ ನಾಯಿ. ಗಾಡಿಯ ಕೆಳಗಿನ ನಾಯಿ ತಾನೇ ಗಾಡಿ ಎಳೆಯುತ್ತಿರುವೆನೆಂದು ಬೀಗಿತಂತೆ ಎಂದು ಜನ ನಗೆಯಾಡುವುದುಂಟು. ನಗೆಯಾಡಿದವರು ರಾತ್ರಿ ಕಾಡಿನ ನಡುವೆ ಗಾಡಿ ಬಿಟ್ಟು ಒಬ್ಬರೇ ಮಲಗಿದವರಲ್ಲವೆಂದು ತೋರುತ್ತದೆ. ಎತ್ತುಗಳಿಗೆ ಹುಲಿಯ ಭಯ, ಮಲಗಿದವನಿಗೆ ಕಳ್ಳರ ಭಯ. ಅಂಥಲ್ಲಿ ನಾಯಿಯ ಒಂದು ಗುರುಗುಟ್ಟುವಿಕೆಗೆ ಇದ್ದ ಬೆಲೆ ಎಷ್ಟೆಂಬುದು ಗಾಡಿ ಹೊಡೆಯುವವನಿಗೆ ಗೊತ್ತಿತ್ತು.

ಇದೇ ಬಗೆಯ ಪಯಣವನ್ನು ಮೋಟಾರಿನ ಕಾಲದಲ್ಲಿ ಕೈಗೊಂಡು ಲೋಕಪ್ರಸಿದ್ಧನಾದವನು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ ಅವನಿಗೆ ಐವತ್ತೆಂಟು ವರ್ಷ. ಹೆಸರು, ಹಣ ಎರಡೂ ಬಂದಿದ್ದವು. ಆರೋಗ್ಯ ಮಾತ್ರ ಹಿಂದಿನಂತಿರಲಿಲ್ಲ. ತನ್ನ ದೇಶದ ಜನರ ನಡುವೆ ಓಡಾಡಿ ಬಹಳ ವರ್ಷಗಳಾದವು, ಕಾಣದ ದೇಶದ ಬಗೆಗೆ ಬರೆಯುತ್ತಿದ್ದೇನೆ ಎಂಬ ಕೊರಗು ಅವನನ್ನು ಕಾಡುತ್ತಿತ್ತು. ಸಣ್ಣ ಲಾರಿಯೊಂದರ ಬೆನ್ನ ಮೇಲೆ ಹಾಸಿಗೆ, ಒಲೆ, ಮೇಜುಗಳುಳ್ಳ ಪುಟ್ಟ ಕೋಣೆಯನ್ನು ಕಟ್ಟಿಸಿಕೊಂಡು ಅದಕ್ಕೆ ‘ರೋಸಿನಾಂಟೆ’ ಎಂದು ಹೆಸರಿಟ್ಟನು. ಅದು ಸ್ಪೇನಿನ ಮಹಾಕಾದಂಬರಿಯ ನಾಯಕ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರು. ತನ್ನ ಸಾಹಸವನ್ನು ಲೋಕ ನಗುವ ಮುಂಚೆ ತಾನೇ ನಕ್ಕುಬಿಡುವ ಗುಣ ಅವನದು. ಜೊತೆಗೆ ಹೊರಟುದು ಚಾರ್ಲಿ, ಫ್ರಾನ್ಸಿನಲ್ಲಿ ಹುಟ್ಟಿದ ಪೂಡಲ್ ಜಾತಿಯ ಮುದಿನಾಯಿ.

ಹೊರಡುವ ಮೊದಲೇ ಬಿರುಗಾಳಿ ಬಂದಿತು. ‘ಡಾನಾ’ ಎಂಬ ಹೆಸರಿನ ಆ ಚಂಡಮಾರುತ 1960ರ ಸೆಪ್ಟೆಂಬರ್ 12ರಂದು ಅವನ ಮನೆಯಿದ್ದ ಲಾಂಗ್ ಐಲೆಂಡ್ ದ್ವೀಪವನ್ನು ಅಪ್ಪಳಿಸಿತು. ಮನೆಯ ಮುಂದಿನ ಕೊಲ್ಲಿಯಲ್ಲಿ ಅವನ ದೋಣಿ ಲಂಗರು ಹಾಕಿ ನಿಂತಿತ್ತು. ಗಾಳಿಗೆ ಸಿಕ್ಕ ಬೇರೆ ದೋಣಿಗಳು ಅದರ ಮೇಲೆ ಬಿದ್ದು ಅದನ್ನು ಕಟ್ಟೆಗೆ ಜಜ್ಜತೊಡಗಿದಾಗ, ಹೆಂಡತಿ ಬೇಡವೆಂದರೂ ಕೇಳದೆ ಅವನು ಓಡಿದನು. ದೋಣಿಯನ್ನು ಬಿಡಿಸಿ ಕೊಲ್ಲಿಯ ನಡುವೆ ಒಯ್ದು ಲಂಗರು ಇಳಿಸಿದನು. ಅನಂತರ ದಡ ಸೇರುವ ದಾರಿಯೇ ಇಲ್ಲ! ತೇಲಿ ಬಂದ ಮರದ ಕೊಂಬೆಯೊಂದನ್ನು ಕಂಡು ನೀರಿಗೆ ಹಾರಿ, ಅದನ್ನು ಹಿಡಿದು ಗಾಳಿ ತಳ್ಳಿದಂತೆ ದಡಕ್ಕೆ ಬಂದನು. ಇದನ್ನು ಧೈರ್ಯವೆನ್ನಬೇಕೋ ಹುಚ್ಚೆನ್ನಬೇಕೋ ಓದುಗರು ತೀರ್ಮಾನಿಸಬಹುದು. ಒಂದು ಮಾತನ್ನಂತೂ ಗಮನಿಸಬೇಕು: ಆ ಸಾಹಸಕ್ಕೆ ಅವನು ನಾಯಿಯನ್ನು ಎಳೆದುಕೊಂಡು ಹೋಗಲಿಲ್ಲ.

ಗಾಳಿ ಅಡಗಿದ ಮೇಲೆ, ಸೆಪ್ಟೆಂಬರ್ 23ರಂದು ರೋಸಿನಾಂಟೆ ಹೊರಟಿತು. ಹನ್ನೊಂದು ವಾರಗಳ ಮಟ್ಟಿಗೆ ನಡೆದ ಆ ಪಯಣದಲ್ಲಿ ಸುಮಾರು 10,000 ಮೈಲಿ, ಎಂದರೆ 16,000 ಕಿಲೋಮೀಟರ್ ಹಾದಿ ಸವೆಯಿತು. ಚಾರ್ಲಿ ಕಾವಲಿಗಿಂತ ಹೆಚ್ಚಾಗಿ ಮಾತಿನ ಸೇತುವೆಯಾಗಿ ಒದಗಿತು. ಬಿಡಾರದ ನೆರೆಯವರ ಬಳಿಗೆ ನಾಯಿ ಹೋಗುವುದು, ಅದನ್ನು ಕರೆತರುವ ನೆವದಿಂದ ಒಡೆಯ ಹೋಗುವುದು, ಅಲ್ಲಿಂದ ಮಾತು, ಕಾಫಿ, ಪರಿಚಯ. ಹೆಸರಾಂತ ಲೇಖಕನೊಡನೆ ಹೇಗೆ ಮಾತನಾಡಬೇಕೆಂದು ತಿಳಿಯದ ರೈತ ಕೂಡ ನಾಯಿಯ ವಿಷಯವಾಗಿ ಸಲೀಸಾಗಿ ಮಾತನಾಡಬಲ್ಲನಷ್ಟೆ. ದಾರಿಯಲ್ಲಿ ಚಾರ್ಲಿಗೆ ಮೂತ್ರಕಟ್ಟಿನ ಬೇನೆ ಬಂದಾಗ ಸ್ಟೈನ್‌ಬೆಕ್ ತನ್ನ ಯೋಜನೆಗಳನ್ನೆಲ್ಲ ಬದಿಗೊತ್ತಿ ಪಶುವೈದ್ಯನನ್ನು ಹುಡುಕಿಕೊಂಡು ಹೋದನು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಾವಲುಗಾರನಿಗೆ, ‘ಇದು ಬಲು ಸಾಧು, ಕರಡಿಗಳ ಗೊಡವೆಗೆ ಹೋಗದು’ ಎಂಬರ್ಥದ ಭರವಸೆ ಕೊಟ್ಟು ಒಳಗೆ ಹೋದನು. ಮೊದಲ ಕರಡಿಯನ್ನು ಕಂಡೊಡನೆ ಆ ಸಾಧುಪ್ರಾಣಿ ಹುಚ್ಚೆದ್ದಂತೆ ಬೊಗಳಿ ಹಲ್ಲು ಕಡಿಯತೊಡಗಿತು. ನೋಡಬೇಕೆಂದಿದ್ದ ಕಾಡನ್ನು ಬಿಟ್ಟು ಅವನು ಗಾಡಿಯನ್ನು ಹಿಂದಕ್ಕೆ ತಿರುಗಿಸಿದನು. ಅವನ ಪಯಣದಲ್ಲಿ ಹೆಚ್ಚು ಮೆಚ್ಚತಕ್ಕ ಗಳಿಗೆ ಬಹುಶಃ ಇದೇ.

ಈ ಪ್ರವಾಸದ ಪುಸ್ತಕ 1962ರಲ್ಲಿ ಹೊರಬಂದಿತು. ಅದೇ ವರ್ಷ ಅವನಿಗೆ ನೊಬೆಲ್ ಪ್ರಶಸ್ತಿಯೂ ದೊರೆಯಿತು. ಈಚೆಗೆ ಅವನ ಜಾಡು ಹಿಡಿದು ಹೋದ ಪತ್ರಕರ್ತರು, ಹಲವು ದಿನ ಹೆಂಡತಿ ಅವನ ಜೊತೆಗಿದ್ದಳು, ಹಲವು ರಾತ್ರಿ ಅವನು ಹೋಟೆಲುಗಳಲ್ಲಿ ಕಳೆದನು, ಕೆಲವು ಮಾತುಕತೆಗಳು ಕಲ್ಪನೆಯವು ಎಂದು ತೋರಿಸಿದ್ದಾರೆ. ಒಂಟಿತನವನ್ನು ಇದ್ದುದಕ್ಕಿಂತ ಹೆಚ್ಚಾಗಿ ಬಣ್ಣಿಸುವುದು ಪ್ರವಾಸಿಗಳ ಹಳೆಯ ಚಾಳಿ. ನಾಯಿಯ ವಿಷಯದಲ್ಲಿ ಮಾತ್ರ ಅವನನ್ನು ಯಾರೂ ಸುಳ್ಳುಗಾರನೆಂದಿಲ್ಲ. ರೋಸಿನಾಂಟೆಯನ್ನು ಕ್ಯಾಲಿಫೋರ್ನಿಯಾದ ಸಲೀನಾಸ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಕೊಪ್ಪ ಸೀಮೆಯವರಿಗೆ ಇಷ್ಟು ದೂರದ ಉದಾಹರಣೆ ಬೇಕಾಗಿಯೂ ಇಲ್ಲ. ಇದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಅವರು 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿ ಎಂಬ ಜೀತದಾಳನ್ನೂ ಹುಲಿಯನೆಂಬ ಅವನ ನಾಯಿಯನ್ನೂ ಚಿತ್ರಿಸಿದ್ದಾರೆ. ಗುತ್ತಿಗೆ ಗಾಡಿಯಿಲ್ಲ, ಮನೆಯೆಂಬುದೂ ಹೆಸರಿಗಷ್ಟೆ. ಒಡೆಯನ ಕೆಲಸದ ಮೇಲೆ ಮಲೆಯ ಕಾಲುದಾರಿಗಳಲ್ಲಿ ಅಲೆಯುವ ಅವನನ್ನು ನಾಯಿ ಬಿಟ್ಟಿರದ ಕಾರಣ ಜನ ಅವನಿಗೆ ನಾಯಿಗುತ್ತಿಯೆಂದೇ ಹೆಸರಿಟ್ಟರು. ಕಾದಂಬರಿಯ ಕೊನೆಯಲ್ಲಿ ನೆರೆಯುಕ್ಕಿದ ತುಂಗೆಯನ್ನು ದಾಟುವ ಸಂದರ್ಭದಲ್ಲಿ ಹುಲಿಯ ಪ್ರವಾಹದ ಪಾಲಾಗುತ್ತದೆ. ಎಷ್ಟೋ ಮನುಷ್ಯರ ಸಾವನ್ನು ಮರೆತ ಓದುಗರೂ ಈ ನಾಯಿಯ ಸಾವನ್ನು ಮರೆಯುವುದಿಲ್ಲ. ಮಹಾಭಾರತದ ಧರ್ಮರಾಯನೂ ನಾಯಿಯೊಂದು ಹಿಂಬಾಲಿಸುತ್ತಿದ್ದ ಒಂಟಿ ದಾರಿಗನೇ. ನಾಯಿಯನ್ನು ಬಿಟ್ಟು ರಥವೇರೆಂದು ಇಂದ್ರನೇ ಹೇಳಿದರೂ ಅವನು ಏರಲಿಲ್ಲ. ಧರ್ಮರಾಯನಿಗಿದ್ದ ಆಯ್ಕೆಯ ಸ್ವಾತಂತ್ರ್ಯ ಜೀತದಾಳು ಗುತ್ತಿಗೆ ಇರಲಿಲ್ಲ. ಅವನು ನಾಯಿಯ ಮೇಲಿಟ್ಟ ಅಕ್ಕರೆ ಧರ್ಮರಾಯನದಕ್ಕಿಂತ ಕಡಿಮೆಯದೂ ಅಲ್ಲ.

ಸ್ವಂತ ವಾಹನವುಳ್ಳ ಇಂದಿನ ಪ್ರವಾಸಿಗೆ ಆ ಸ್ವಾತಂತ್ರ್ಯ ಉಂಟು. ಮಳೆಯೊಳಗೆ ಹೊರಡಬೇಕೆ ಬೇಡವೇ ಎಂಬುದನ್ನು ಅವನೊಬ್ಬನೇ ನಿರ್ಧರಿಸುತ್ತಾನೆ. ನಾಯಿ ಆ ನಿರ್ಧಾರದಲ್ಲಿ ಪಾಲುಗೊಳ್ಳಲಾರದು. ಬಾಗಿಲು ತೆರೆದರೆ ಹತ್ತಿ ಕೂರುತ್ತದೆ, ಅಷ್ಟೆ. ಹಾಗಾದುದರಿಂದ ನಾಯಿಗೆ ತಿಳಿಯದುದನ್ನೆಲ್ಲ ಒಡೆಯ ತಿಳಿದಿರಬೇಕಾಗುತ್ತದೆ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳ ಶಬ್ದ ಮನುಷ್ಯನಿಗೆ ಕೇಳಿಸದು. ನಾಯಿಗೆ 40,000ಕ್ಕೂ ಮೇಲ್ಪಟ್ಟುದು ಕೇಳಿಸುತ್ತದೆ. ಅಷ್ಟು ಸೂಕ್ಷ್ಮವಾದ ಕಿವಿಗೆ ತಗಡಿನ ಮಾಡಿನ ಮೇಲೆ ರಾತ್ರಿಯಿಡೀ ಬಡಿಯುವ ಮಳೆ ಸಾಮಾನ್ಯ ಹಿಂಸೆಯಲ್ಲ. ಸಿಡಿಲಿಗೆ ಬೆದರಿದ ನಾಯಿ ಹಗ್ಗ ಕಿತ್ತು ಕಾಡಿಗೆ ಓಡಿದರೆ ಆ ಕತ್ತಲೆಯಲ್ಲಿ ಹುಡುಕುವುದು ಅಸಾಧ್ಯ. ಮಿಂಚುವಾಗ ಗಾಜುಗಳನ್ನು ಏರಿಸಿ ಇಬ್ಬರೂ ಒಳಗಿರುವುದೇ ಕ್ಷೇಮ. ಲೋಹದ ಮೈಯುಳ್ಳ ವಾಹನದ ಹೊರಮೈಯಲ್ಲಿಯೇ ಸಿಡಿಲಿನ ವಿದ್ಯುತ್ತು ಹರಿದು ನೆಲ ಸೇರುತ್ತದೆ. ಇನ್ನು ಉಂಬಳ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡು ಮನುಷ್ಯ ಪಾರಾಗುತ್ತಾನೆ. ನಾಯಿಯ ಬೆರಳ ಸಂದಿ, ಕಿವಿ, ಮೂಗಿನ ಹೊಳ್ಳೆಗಳನ್ನು ಸಂಜೆ ಸಂಜೆ ನೋಡಬೇಕಾದವನೂ ಅವನೇ.

ಹೆಚ್ಚಿನ ಅಪಾಯ ನಿಲ್ಲುವ ಜಾಗದಲ್ಲಿರುತ್ತದೆ. ರಸ್ತೆಗಾಗಿ ಬುಡ ಕಡಿದ ಧರೆ ವಾರಗಟ್ಟಲೆ ನೀರು ಕುಡಿದು ಭಾರವಾಗುತ್ತದೆ; ಒಳಗಿನ ಮಣ್ಣು ಹಿಡಿತ ಕಳೆದುಕೊಳ್ಳುತ್ತದೆ; ಮರಗಳು ರಸ್ತೆಯ ಕಡೆಗೆ ವಾಲುತ್ತವೆ; ಸೋರುವ ನೀರು ಕೆಂಪಾಗುತ್ತದೆ. ಈ ಗುರುತುಗಳಿದ್ದ ಕಡೆ ಗಾಡಿ ನಿಲ್ಲಿಸಬಾರದು. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಗೆ, ಗುಡ್ಡದ ಬುಡದಲ್ಲಿ ಚಹಾದ ಅಂಗಡಿಯೊಂದಿತ್ತು. ದೂರದ ಲಾರಿಗಳವರು ಅಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ಲಾರಿಯ ಚಾಲಕನಿಗೂ ವಾಹನವೇ ಮನೆ. ವಿಹಾರಕ್ಕಾಗಿ ಅಲ್ಲ, ಹೊಟ್ಟೆಪಾಡಿಗಾಗಿ. 2024ರ ಜುಲೈ 16ರ ಬೆಳಗ್ಗೆ ಆ ಗುಡ್ಡ ಕುಸಿದು, ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಸೆಪ್ಟೆಂಬರ್ 25ರಂದು ಅದು ಸಿಕ್ಕಾಗ ಚಾಲಕನ ಶರೀರ ಅದರೊಳಗೇ ಇತ್ತು.

ರಸ್ತೆಯ ಮೇಲೆ ಹರಿಯುವ ನೀರನ್ನೂ ಹಗುರವಾಗಿ ಎಣಿಸುವಂತಿಲ್ಲ. ಒಂದಡಿ ಆಳದ ಓಡುವ ನೀರು ಚಿಕ್ಕ ಕಾರನ್ನು ಎತ್ತಿ ಒಯ್ಯಬಲ್ಲದು, ಎರಡಡಿ ನೀರಿಗೆ ಬಹುಪಾಲು ವಾಹನಗಳು ನಿಲ್ಲಲಾರವು. ಹಳ್ಳಿಯ ಜನ ಕಾಲುಸಂಕ ದಾಟುವ ಮೊದಲು ನೀರಿನ ಬಣ್ಣ, ಸದ್ದು, ತೇಲಿ ಬರುವ ಕಸ ನೋಡಿ ಹಿಂದಿರುಗುವುದುಂಟು. ಮೂರು ಮೈಲಿ ಸುತ್ತಿ ಹೋಗುವುದು ಅವರಿಗೆ ಅವಮಾನವಲ್ಲ.

ಶೃಂಗೇರಿಯಲ್ಲಿ ತುಂಗೆಯ ದಂಡೆಯ ಮೇಲೆ ಕಪ್ಪೆಶಂಕರನ ಪುಟ್ಟ ಗುಡಿಯಿದೆ. ಪ್ರಸವವೇದನೆಯ ಕಪ್ಪೆಗೆ ಬಿಸಿಲು ತಾಗದಂತೆ ಹಾವು ಹೆಡೆಯೆತ್ತಿ ನೆರಳು ನೀಡಿತೆಂಬ ಪ್ರಸಿದ್ಧ ಐತಿಹ್ಯದ ಸ್ಥಳವದು. ಹೊಳೆ ಏರಿದಾಗ ಅದು ಮುಳುಗುತ್ತದೆ. ಅದು ಮುಳುಗಿತೆಂದರೆ ನೆರೆ ಬಂದಿತೆಂದು ಊರು ಎಣಿಸುತ್ತದೆ. ಬಾಳಗಡಿಯಿಂದ ಬಂದ ಗಾಡಿಗೆ ಅಲ್ಲಿಂದ ಮುಂದೆ ಆಗುಂಬೆಯ ಹಾದಿ, ಅದರಾಚೆ ಘಟ್ಟದ ಹದಿನಾಲ್ಕು ತಿರುವುಗಳು. ಗುಡಿ ಕಾಣದಿದ್ದರೆ ಎತ್ತರದ ಬಯಲಿನಲ್ಲಿ, ಧರೆಯಿಂದಲೂ ಮರಗಳಿಂದಲೂ ದೂರ, ಗಾಡಿ ನಿಲ್ಲಿಸಿ, ಒಂದು ದಿನವೋ ಮೂರು ದಿನವೋ, ನೀರು ಇಳಿಯುವವರೆಗೆ ಕಾಯುವುದು. ಒದ್ದೆ ಮೈಯನ್ನು ಗೋಣಿಯಿಂದ ಒರೆಸಿಸಿಕೊಂಡ ನಾಯಿ ಅಷ್ಟು ಹೊತ್ತಿಗೆ ಹಾಸಿಗೆಯ ಒಳ್ಳೆಯ ಅರ್ಧವನ್ನು ಹಿಡಿದು ಮಲಗಿರುತ್ತದೆ.